ಎರಡನೆಯದನ್ನು ಕೇಳಿದ ಜೋಯಣ್ಣ

ಜೋಯಣ್ಣ ಬೆಳಗ್ಗೆ ಬಂದವರು ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ. ನೇರ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಗೆ ಹೋಗಿ, ಅಲ್ಲಿದ್ದ ಐದು ಸರ್ವರುಗಳ ಬೆನ್ನಿಗೆ ಒಂದೊಂದಾಗಿ ಅಂಗೈ ಇಟ್ಟು ನೋಡುತ್ತಿದ್ದರು. ಆಮೇಲೆ ಹೊರಗೆ ಬಂದು, "ಲ್ಯಾಬಿನವನಿಗೆ ಇವತ್ತು ಸ್ವಲ್ಪ ಜ್ವರ ಉಂಟು ಭಟ್ರೆ" ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಆಸ್ಪತ್ರೆಯೊಳಗೆ ಜ್ವರ ನೋಡುವ ಡಾಕ್ಟರಲ್ಲದವರು ಅವರೊಬ್ಬರೇ.

ಪುತ್ತೂರಿನ ಆ ಆಸ್ಪತ್ರೆಯಲ್ಲಿ ನಾನು ಕಚೇರಿ ಮೇಲ್ವಿಚಾರಕ, ಅವರು ಕಂಪ್ಯೂಟರುಗಳ ಉಸ್ತುವಾರಿ. ಇಚಿಲಂಪಾಡಿಯ ರಬ್ಬರ್ ಕೃಷಿಕರ ಮನೆತನ. ಮನೆಯಲ್ಲಿ ಮಲಯಾಳ, ನಮ್ಮೊಡನೆ ಕನ್ನಡ, ಕೆಟ್ಟ ಮೆಷಿನಿನೊಡನೆ ತುಳು. "ಬೈಯ್ಲಿಕ್ಕೆ ತುಳುವೇ ಆಗ್ಬೇಕು ಮಾರಾಯ್ರೆ, ಬೇರೆ ಭಾಷೆ ಅದಕ್ಕೆ ತಾಗುದಿಲ್ಲ" ಎನ್ನುತ್ತಿದ್ದರು.

ಆ ಐದು ಸರ್ವರುಗಳಿಗೂ ವಯಸ್ಸಾಗಿತ್ತು. ಒಂದರಲ್ಲಿ ರೋಗಿಗಳ ಚೀಟಿ, ಒಂದರಲ್ಲಿ ಲ್ಯಾಬ್, ಒಂದರಲ್ಲಿ ಔಷಧಿ, ಎಕ್ಸ್‌ರೇಗೊಂದು, ಸಿಬ್ಬಂದಿಯ ಹಾಜರಿಗೊಂದು. ಒಂದೊಂದೂ ದಿನದ ಹೆಚ್ಚು ಹೊತ್ತು ಸುಮ್ಮನೆ ಕರೆಂಟು ತಿನ್ನುತ್ತಿತ್ತು. ಹೊಸ ದೊಡ್ಡ ಮೆಷಿನು ತಂದರೆ ಅದರೊಳಗೇ ಐದು ಸರ್ವರುಗಳನ್ನು ಬೇರೆ ಬೇರೆಯಾಗಿ ಇರಿಸಬಹುದು, ಅಂಥ ಎರಡು ಮೆಷಿನು ಬೇಕು, ಒಂದು ನಿಂತರೆ ಇನ್ನೊಂದು ಐದನ್ನೂ ಎತ್ತಿಕೊಳ್ಳುತ್ತದೆ. ಇದು ಜೋಯಣ್ಣನ ಯೋಜನೆ. ವಾರವಿಡೀ ಕುಳಿತು ನನ್ನ ದಪ್ಪ ತಲೆಗೆ ಅದನ್ನು ಇಳಿಸಿದ್ದರು.

ಆಡಳಿತ ಮಂಡಳಿಯವರು ಒಳ್ಳೆಯ ಜನ, ಆದರೆ ಕಂಪ್ಯೂಟರ್ ಎಂದರೆ ಅವರಿಗೆ ಟಿವಿಯ ತಮ್ಮ. ಮೊದಲ ಸಭೆಯಲ್ಲಿ ಜೋಯಣ್ಣ ಪರದೆಯ ಮೇಲೆ ನಕ್ಷೆ, ಬಾಣದ ಗುರುತು ಎಲ್ಲ ತೋರಿಸಿದರು. ಚಹಾ ಬಂತು, ಅಂಬಡೆ ಬಂತು, ವಿಷಯ ಮುಂದಿನ ಸಭೆಗೆ ಹೋಯಿತು. ಹೊರಗೆ ಬಂದ ಮೇಲೆ ನಾನೇ ಬುದ್ಧಿವಂತನಂತೆ, "ಜೋಯಣ್ಣ, ಅವರಿಗೆ ತೋಟದ ಲೆಕ್ಕದಲ್ಲಿ ಹೇಳಿ, ಅರ್ಥ ಆಗ್ತದೆ" ಎಂದೆ. ಆ ಮಾತು ಯಾಕಾದರೂ ಆಡಿದೆನೋ.

ಮುಂದಿನ ಸಭೆಗೆ ಜೋಯಣ್ಣ ಕೈಬೀಸಿಕೊಂಡು ಬಂದರು. "ನಮ್ಮಲ್ಲಿ ಐದು ಮನೆಗೆ ರಬ್ಬರ್ ಶೀಟ್ ಒತ್ತುವ ರೋಲರ್ ಒಂದೇ ಇರುದು. ಬೆಳಗ್ಗೆ ಒಬ್ರು, ಮಧ್ಯಾಹ್ನ ಒಬ್ರು. ರೋಲರ್ ಒಂದೇ ಆದ್ರೂ ಶೀಟ್ ಮಾತ್ರ ಅವರವರದ್ದು. ಇದೂ ಹಾಗೆಯೇ" ಎಂದರು. ಮಂಡಳಿಯ ಅಧ್ಯಕ್ಷರು, ಕೆದಂಬಾಡಿಯವರು, ಮೇಜು ಕುಟ್ಟಿ, "ಅಯ್ಯೋ, ಇಷ್ಟೆಯಾ! ಮೊದಲೇ ಹೇಳ್ಬಾರ್ದಾ ಮಾರಾಯ್ರೆ!" ಎಂದು ನಕ್ಕರು. ಜೋಯಣ್ಣನ ಮುಖ ಅರಳಿತು. ಅಷ್ಟರಲ್ಲಿ ಅಧ್ಯಕ್ಷರೇ, "ಹಾಗಾದ್ರೆ ಎರಡು ಎಂತಕ್ಕೆ? ಐದು ಮನೆಗೆ ಒಂದು ಸಾಕು ಅಂತ ನೀವೇ ಹೇಳಿದ್ದಲ್ವಾ?" ಎಂದರು.

"ಅಲ್ಲ ಸರ್, ಅದೊಂದು ನಿಂತ್ರೆ ಐದೂ ನಿಲ್ಲುದು."

"ರೋಲರ್ ಹಾಳಾದ್ರೆ ಎಂತ ಮಾಡುದು? ರಿಪೇರಿ ಮಾಡುದು. ಒಂದು ದಿನದ ರಬ್ಬರ್ ಹಾಲು ಹೋಗ್ತದೆ, ಅಷ್ಟೇ."

ಎಲ್ಲರೂ ನಕ್ಕರು. ಜೋಯಣ್ಣ ನನ್ನ ಕಡೆ ನೋಡಿದರು. ಆ ಕೋಣೆಯಲ್ಲಿ ವಿಷಯ ತಿಳಿದಿದ್ದ ಇನ್ನೊಬ್ಬ ನಾನೇ. ನಾನು ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ 'ಒಂದು' ಎಂದು ಬರೆದೆ. ಅವರು ಎರಡು ಕೇಳಿದ್ದನ್ನು ಬರೆಯಲೇ ಇಲ್ಲ.

ಒಂದೇ ಮೆಷಿನು ಬಂತು, ಐದೂ ಅದರೊಳಗೆ ಹೋದವು. ವರ್ಷ ಕಳೆದು ಒಂದು ಸೋಮವಾರ ಆ ಮೆಷಿನು ನಿಂತಿತು. ಹಿಂದೆಲ್ಲ ಒಂದು ಕೌಂಟರು ನಿಂತರೆ ಉಳಿದವು ನಡೆಯುತ್ತಿದ್ದವು, ಅಂದು ಎಲ್ಲವೂ ಒಟ್ಟಿಗೆ ನಿಂತವು. ಪಂಜದಿಂದ ಮೊದಲ ಬಸ್ಸಿಗೆ ಬಂದವರು ಮಧ್ಯಾಹ್ನದವರೆಗೂ ಅಂಗಳದಲ್ಲೇ ಇದ್ದರು. ಜೋಯಣ್ಣ ಎರಡು ದಿನ ಅನ್ನ ಮುಟ್ಟದೆ ದುಡಿದು ಎಲ್ಲವನ್ನೂ ಮರಳಿ ತಂದರು. ಒಂದು ಅಕ್ಷರವೂ ಕಳೆದಿರಲಿಲ್ಲ.

"ಐದನ್ನು ಒಂದು ಮಾಡ್ಲಿಕ್ಕೆ ಹೇಳಿದ್ದು ಯಾರು?" ಎಂದು ಸಭೆ ಕೇಳಿತು.

"ನಾನು" ಎಂದರು ಜೋಯಣ್ಣ. ಈ ಸಲ ನನ್ನ ಕಡೆ ನೋಡಲೂ ಇಲ್ಲ. ನಾನು ಆಗಲೂ ಅದನ್ನೇ ನಡಾವಳಿಯಲ್ಲಿ ಬರೆದೆ. ನಾಚಿಕೆಗೇಡು ಮನುಷ್ಯ ನಾನು. ಮರು ತಿಂಗಳು ಅವರು ಕೆಲಸ ಬಿಟ್ಟರು.

ಅವರು ಹೋದ ಮೇಲೆ ನನಗೆ ಧೈರ್ಯ ಬಂತು. ಸಭೆಯಲ್ಲಿ ಎದ್ದು ನಿಂತು, ಅವರು ಎರಡು ಕೇಳಿದ್ದರು, ತಪ್ಪು ನಮ್ಮದು ಎಂದೆ. ಎರಡನೆಯ ಮೆಷಿನು ಬಂತು. ಅದನ್ನು ಹೇಳಲು ಇಚಿಲಂಪಾಡಿಗೆ ಹೋದಾಗ ಜೋಯಣ್ಣ ಹಾಸಿಗೆ ಹಿಡಿದಿದ್ದರು. ಶ್ವಾಸಕೋಶದ ಕಾಯಿಲೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಅವರು ಬಿಡಲಿಲ್ಲ.

"ಅದೆಲ್ಲ ಇರ್ಲಿ. ಮೊದಲಿನದ್ದನ್ನು ಆಫ್ ಮಾಡಿ ನೋಡಿದ್ರಾ?"

"ಇಲ್ಲ ಜೋಯಣ್ಣ, ಹೆದರಿಕೆ ಆಗ್ತದೆ."

"ಹೆದರುದಾದ್ರೆ ತಂದದ್ದು ಎಂತಕ್ಕೆ ಭಟ್ರೆ? ಒಂದು ಸೋಮವಾರ, ಹತ್ತು ಗಂಟೆಗೆ, ಜನ ತುಂಬಿರುವಾಗ್ಲೇ ಮಾಡಿ. ಆದ ಕೂಡ್ಲೆ ನನಗೆ ಫೋನ್ ಮಾಡಿ." ಅಷ್ಟು ಹೇಳಲು ಅವರು ಮೂರು ಸಲ ಉಸಿರು ತೆಗೆದುಕೊಂಡರು.

ಆಯಿತು ಎಂದು ಮಾತು ಕೊಟ್ಟು ಬಂದೆ. ಒಂದು ಸೋಮವಾರ ಅಧ್ಯಕ್ಷರು ಊರಲ್ಲಿರಲಿಲ್ಲ, ಒಂದು ಸೋಮವಾರ ರೋಗಿಗಳು ಹೆಚ್ಚು, ಇನ್ನೊಂದು ಸೋಮವಾರ ನನಗೇ ಕೈ ಬರಲಿಲ್ಲ. ಆ ಗುರುವಾರ ಬೆಳಗ್ಗೆ ಸಾವಿನ ಸುದ್ದಿ ಬಂತು.

ಹೊರಡುವ ಮೊದಲು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ಯಾರನ್ನೂ ಕೇಳದೆ, ಮೊದಲಿನ ಮೆಷಿನನ್ನು ಆಫ್ ಮಾಡಿ ಹೊರಗೆ ಬಂದು ನಿಂತೆ. ಎರಡು ನಿಮಿಷ ಸ್ಕ್ರೀನುಗಳು ಅಲುಗಾಡಲಿಲ್ಲ. ಕೌಂಟರಿನ ಹುಡುಗಿ ಬಳೆ ಹಿಂದೆ ಸರಿಸಿಕೊಂಡು ಕಾದಳು. ಆಮೇಲೆ ಚೀಟಿ ಬರತೊಡಗಿತು. ಸಾಲಿನಲ್ಲಿದ್ದ ಯಾರೂ ತಿರುಗಿಯೂ ನೋಡಲಿಲ್ಲ.

ಇಚಿಲಂಪಾಡಿಯ ಮನೆಯಲ್ಲಿ ಜೋಯಣ್ಣನ ಹೆಂಡತಿ ಲಿಲ್ಲಿ ಚೇಚಿ ಶವಪೆಟ್ಟಿಗೆಯ ಪಕ್ಕ ಕುಳಿತಿದ್ದರು. ನನ್ನನ್ನು ಕಂಡು, "ಆಫ್ ಮಾಡಿ ನೋಡಿದ್ರಾ ಭಟ್ರೆ?" ಎಂದರು.

"ಈಗಷ್ಟೆ ಚೇಚಿ, ಬರುವ ಮೊದಲು."

"ಎಂತಾಯ್ತು?"

"ಎಂತದೂ ಆಗ್ಲಿಲ್ಲ. ಯಾರಿಗೂ ಗೊತ್ತೇ ಆಗ್ಲಿಲ್ಲ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಸೋಮವಾರ ಬಂದ್ರೆ ಹತ್ತು ಗಂಟೆಗೆ ಫೋನ್ ಎದೆ ಮೇಲೆ ಇಟ್ಕೊಂಡು ಮಲಗ್ತಿದ್ರು" ಎಂದರು. "ಮೂರು ಸೋಮವಾರ."