ತಿಕ್ಕದ ರೂಪಾಯಿ

ನಾಣ್ಯ ನೋಡುವುದನ್ನು ನನಗೆ ಕಲಿಸಿದವರು ಆಳಂದದ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು. ಊರಿನವರಂತೆ ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಆಗ ನಾನು ನರೋಣಾದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆ ಆಳಂದದಲ್ಲಿ. ಒಂದು ಸಂಜೆ ನಿಂತುಹೋದ ವಾಚು ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ಮೇಜಿನ ಗಾಜಿನ ಕೆಳಗೆ ನಿಜಾಮನ ಕಾಲದ ಬೆಳ್ಳಿ ನಾಣ್ಯಗಳು ಸಾಲಾಗಿದ್ದವು. ವಾಚು ರಿಪೇರಿಯಾಗುವಷ್ಟರಲ್ಲಿ ನಾನು ಇಪ್ಪತ್ತು ಪ್ರಶ್ನೆ ಕೇಳಿದ್ದೆ. ಮರುದಿನ ವಾಚು ಸರಿಯಿದ್ದರೂ ಹೋದೆ.

ಅವರು ಕಲಿಸಿದ್ದು ಬಹಳ ಸರಳವಾಗಿತ್ತು. ನಾಣ್ಯವನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನಿಧಾನವಾಗಿ ತಿರುಗಿಸಬೇಕು. ಟಂಕಸಾಲೆಯಿಂದ ಬಂದ ಹೊಳಪಾದರೆ ಅದು ನಾಣ್ಯದ ಜೊತೆಗೇ ಚಕ್ರದ ಹಾಗೆ ಸುತ್ತುತ್ತದೆ. ಯಾರಾದರೂ ತಿಕ್ಕಿದ್ದರೆ ಹೊಳಪು ಇದ್ದಲ್ಲೇ ನಿಂತಿರುತ್ತದೆ.

"ತಿಕ್ಕಿದ್ದು ಹೆಣಕ್ಕ ಪೌಡರ್ ಹಚ್ಚಿದಂಗ್ರಿ ಟೀಚರ್," ಎನ್ನುತ್ತಿದ್ದರು. "ಕಪ್ಪಾಗ್ಲಿ, ಹಸರಾಗ್ಲಿ, ಇದ್ದಂಗ ಇಡ್ರಿ. ಕೈ ಹಚ್ಚಬ್ಯಾಡ್ರಿ."

ಅವರ ಬಳಿ ಮಾರಾಟಕ್ಕಲ್ಲದ ಒಂದು ರೂಪಾಯಿ ಇತ್ತು. ಚಾರ್‌ಮಿನಾರ್ ಇರುವ ರೂಪಾಯಿ. ನಡುವಿನ ಬಾಗಿಲೊಳಗೆ ಐನ್ ಎಂಬ ಉರ್ದು ಅಕ್ಷರ ಈಗಷ್ಟೇ ಬರೆದಂತೆ ಎದ್ದು ಕಾಣುತ್ತಿತ್ತು. ಅವರ ತಾಯಿಯ ನಿಕಾಹದ ದಿನ ಆಕೆಯ ತಂದೆ ಕೊಟ್ಟ ಹೊಸ ರೂಪಾಯಿ ಅದು. ಆಕೆ ಅದನ್ನು ಮಲ್ಲಿನ ತೆಳು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದರು. ಎಂಥ ಕಷ್ಟ ಬಂದರೂ ಹೊರಗೆ ತೆಗೆಯಲಿಲ್ಲ. ಸಾಯುವ ಮುಂಚೆ ಮಗನ ಕೈಗೆ ಕೊಟ್ಟರು. ಚಾಚಾ ಅದನ್ನು ನನಗೆ ತೋರಿಸಿದ್ದು ಪರಿಚಯವಾಗಿ ನಾಲ್ಕು ವರ್ಷವಾದ ಮೇಲೆ. ಬೆಳಕಿಗೆ ಹಿಡಿದಾಗ ಹೊಳಪು ಸರ್ರನೆ ಸುತ್ತು ಬಂತು. ಅಂಥದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸೇರಿ ನಾವು ಹದಿನೈದು ಮಂದಿ ನಾಣ್ಯದ ಹುಚ್ಚಿನವರಿದ್ದೆವು. ತಿಂಗಳಿಗೊಂದು ಭಾನುವಾರ ಅಫಜಲಪುರದಲ್ಲಿ, ನಮ್ಮಲ್ಲೇ ಒಬ್ಬರಾದ ತೊಗರಿ ವ್ಯಾಪಾರಿಯೊಬ್ಬರ ಮಹಡಿಯ ಮೇಲೆ ಕೂಡುತ್ತಿದ್ದೆವು. ಯಾರು ಏನು ತಂದರೂ ಮೊದಲು ಚಾಚಾ ಮುಂದೆ ಇಡುವುದು ರೂಢಿ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ "ಖರೇ ಅದ" ಎಂದರೆ ಖರೆ, "ತಿಕ್ಯಾರ" ಎಂದರೆ ತಿಕ್ಕಿದ್ದು.

ಆಮೇಲೆ ಗ್ರೇಡಿಂಗ್ ಬಂತು. ದೂರದ ನಗರದ ಕಂಪನಿಗೆ ನಾಣ್ಯ ಕಳಿಸಿದರೆ ಅವರು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರೆ. ತಿಕ್ಕಿದ ನಾಣ್ಯವಾದರೆ ಅಂಕವಿಲ್ಲ, ಚೀಟಿಯ ಮೇಲೆ 'ಕ್ಲೀನ್ಡ್' ಎಂದು ಬರೆದಿರುತ್ತದೆ. ತೊಗರಿ ವ್ಯಾಪಾರಿ ಒಂದೇ ಸಲಕ್ಕೆ ಮೂವತ್ತು ನಾಣ್ಯ ಕಳಿಸಿದರು. ಡಬ್ಬಿಗಳು ಬಂದ ಮೇಲೆ ಭಾನುವಾರದ ಮಾತೇ ಬದಲಾಯಿತು. ಯಾರೂ ನಾಣ್ಯದ ಮೇಲಿನ ಅಕ್ಷರ ಓದುತ್ತಿರಲಿಲ್ಲ. ಚೀಟಿ ಓದುತ್ತಿದ್ದರು.

ಚಾಚಾಗೆ ಅದು ಹಿಡಿಸಲಿಲ್ಲ. ಅವರ ರೂಪಾಯಿ ಕಳಿಸಲು ಒತ್ತಾಯಿಸಿದವಳು ನಾನು. ಗಣಿತ ಕಲಿಸುವವಳಿಗೆ ಅಂಕೆಯ ಮೇಲೆ ಒಂದು ಮೋಹ ಇರುತ್ತದೆ.

"ನಾ ಐವತ್ತು ವರ್ಷದಿಂದ ನೋಡಾಕತ್ತೇನಿ," ಎಂದರು ಅವರು. "ಅವರು ಹೊಸಾದೇನ್ ಹೇಳ್ತಾರ?"

"ಹೊಸಾದಲ್ಲ ಚಾಚಾ. ನೀವು ಹೇಳಿದ್ದನ್ನ ಬರೆದು ಕೊಡ್ತಾರ. ನಾಳೆ ಯಾರೂ ಶಕ್ ಪಡಂಗಿಲ್ಲ."

ಎರಡು ವಾರ ಯೋಚಿಸಿ, ಆ ಮಲ್ಲಿನ ಬಟ್ಟೆ ತಮ್ಮ ಹತ್ತಿರವೇ ಇಟ್ಟುಕೊಂಡು ರೂಪಾಯಿಯನ್ನಷ್ಟೇ ನನ್ನ ಕೈಗೆ ಕೊಟ್ಟರು. ಮಹಡಿಯ ಮೇಲಿನ ನಮ್ಮವರ ನಾಣ್ಯಗಳೆಲ್ಲ ವ್ಯಾಪಾರಿಯ ಹೆಸರಿನಲ್ಲೇ ಹೋಗುತ್ತಿದ್ದವು. ಇದೂ ಹಾಗೆಯೇ ಹೋಯಿತು.

ಮೂರು ತಿಂಗಳ ನಂತರದ ಭಾನುವಾರ ಪಾರ್ಸೆಲ್ ಬಿಚ್ಚಿದಾಗ ನಾವೆಲ್ಲ ಅಲ್ಲೇ ಇದ್ದೆವು. ವ್ಯಾಪಾರಿ ಒಂದೊಂದೇ ಡಬ್ಬಿ ತೆಗೆದು ಅಂಕ ಓದುತ್ತಾ ಹೋದರು. ಚಾಚಾನ ರೂಪಾಯಿ ಕೈಗೆ ಬಂದಾಗ ಓದಲಿಲ್ಲ. ಎರಡು ಸಲ ತಿರುಗಿಸಿ ನೋಡಿ, ನಕ್ಕು, ಪಕ್ಕದವರಿಗೆ ಕೊಟ್ಟರು. ಡಬ್ಬಿ ಕೈಯಿಂದ ಕೈಗೆ ಸಾಗಿ ಕೊನೆಗೆ ಚಾಚಾ ಬಳಿ ಬಂತು. ಅಂಕವಿರಲಿಲ್ಲ. ಕ್ಲೀನ್ಡ್.

"ಏನ್ ಚಾಚಾ," ಎಂದರು ವ್ಯಾಪಾರಿ, "ನಮಗೆಲ್ಲ ಕೈ ಹಚ್ಚಬ್ಯಾಡ್ರಿ ಅಂತಿದ್ರಿ. ನಿಮ್ಮ ಟೇಬಲ್ ಮ್ಯಾಲಿನ ಪೆಟ್ರೋಲ್ ಬಟ್ಟಲದಾಗ ಗಡಿಯಾರ ಅಷ್ಟ ತೊಳೀತಿದ್ರೋ, ಮತ್ತೇನರ ತೊಳೀತಿದ್ರೋ?"

ಎಲ್ಲರೂ ನಕ್ಕರು. ಹಗುರವಾದ ನಗುವೇ. ಚಾಚಾ ನಗಲಿಲ್ಲ. "ಇದಕ್ಕ ಯಾರೂ ಕೈ ಹಚ್ಚಿಲ್ಲ," ಎಂದಷ್ಟೇ ಹೇಳಿದರು.

"ಟೀಚರ್, ನೀವೇನಂತೀರಿ?" ವ್ಯಾಪಾರಿ ನನ್ನ ಕಡೆ ತಿರುಗಿದರು.

ಆ ರೂಪಾಯಿಯ ಹೊಳಪು ಸುತ್ತಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೆ. ಅಷ್ಟು ಹೇಳಿದ್ದರೆ ಸಾಕಿತ್ತು. "ಅವರೇನು ಸುಮ್ನ ಬರೀತಾರ್ರಿ, ನೋಡೇ ಬರೆದಿರ್ತಾರ," ಎಂದೆ.

ಮರಳುವಾಗ ಬಸ್ಸಿನಲ್ಲಿ ಜೊತೆಗೇ ಕುಳಿತಿದ್ದೆವು. ಬಹಳ ದೂರ ಬಂದ ಮೇಲೆ ಚಾಚಾ ಕಿಟಕಿಯಾಚೆ ನೋಡುತ್ತಲೇ ಕೇಳಿದರು.

"ನೀವೂ ಹಂಗ ತಿಳಕೊಂಡ್ರೇನು?"

"ನೀವಲ್ಲ ಚಾಚಾ. ನಿಮ್ಮ ಅಮ್ಮಿ ಯಾವಾಗರ ಹಬ್ಬಕ್ಕ ತೊಳೆದಿರಬೇಕು. ಹೆಣ್ಮಕ್ಕಳಿಗೆ ಗೊತ್ತಿರಂಗಿಲ್ಲ."

ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಆಳಂದದಲ್ಲಿ ಇಳಿದಾಗ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಇದು ನಿಮ್ಮ ಕಡೆನ ಇರ್ಲಿ. ಈ ಚೀಟಿ ಹಚ್ಚಿದ್ದು ನಮ್ಮ ಅಮ್ಮಿ ರೂಪಾಯಿ ಅಲ್ಲ."

ಮಹಡಿಯ ಮೇಲಿನ ನಗು ಅಲ್ಲಿಗೇ ನಿಲ್ಲಲಿಲ್ಲ. ಚಾಚಾನಿಂದ ಹಿಂದೆ ನಾಣ್ಯ ಕೊಂಡವರು ಒಬ್ಬೊಬ್ಬರೇ ಅಂಗಡಿಗೆ ಬಂದು, ಕೊಂಡದ್ದನ್ನು ವಾಪಸು ತಗೊಳ್ಳಿ ಎಂದರು. ಅವರು ದುಡ್ಡು ಎಣಿಸಿಕೊಟ್ಟು ತಗೊಂಡರು. ರಿಪೇರಿಗೆಂದು ಬಂದವರು ಕೂಡ ಪೆಟ್ರೋಲ್ ಬಟ್ಟಲನ್ನು ಒಂದು ಥರ ನೋಡುತ್ತಿದ್ದರಂತೆ. ಮೇಜಿನ ಗಾಜಿನ ಕೆಳಗಿನ ಸಾಲು ಒಂದು ದಿನ ಖಾಲಿಯಾಗಿತ್ತು. ಎಲ್ಲಿಗೆ ಹೋದವು ಎಂದು ಕೇಳಿದೆ. "ತೂಕಕ್ಕ ಹಾಕಿಬಿಟ್ಟೆ," ಎಂದರು. ಬೆಳ್ಳಿ ಕರಗಿಸುವವರಿಗೆ ಕೊಟ್ಟಿದ್ದರು. ಭಾನುವಾರಗಳಿಗೆ ಮತ್ತೆ ಬರಲಿಲ್ಲ.

ನನಗೆ ಜೇವರ್ಗಿಗೆ ವರ್ಗವಾಯಿತು. ಅಲ್ಲಿಂದ ನಾನೇ ನೇರವಾಗಿ ಐದು ನಾಣ್ಯ ಕಳಿಸಿದೆ. ಅವುಗಳಲ್ಲೊಂದನ್ನು ಹಿಂದೊಮ್ಮೆ ಶಾಲೆಯ ವಸ್ತುಪ್ರದರ್ಶನಕ್ಕೆಂದು, ಇನ್ನೂ ಏನೂ ಗೊತ್ತಿಲ್ಲದಾಗ, ನಾನೇ ಹಲ್ಲುಪುಡಿ ಹಾಕಿ ಹತ್ತು ನಿಮಿಷ ತಿಕ್ಕಿದ್ದೆ. ಬೇಕೆಂದೇ ಸೇರಿಸಿದ್ದೆನೋ ಏನೋ, ಈಗ ಹೇಳಲಾರೆ. ಅದು ಅರವತ್ತೊಂದು ಅಂಕ ಪಡೆದು ಬಂತು. ತಿಕ್ಕಿದ್ದಾರೆ ಎಂಬ ಮಾತೇ ಇಲ್ಲ.

ಆ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಪ್ರತಿವರ್ಷ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವವಳು ನಾನು. ಬೆಳಗ್ಗೆಯ ಮೊದಲ ಪತ್ರಿಕೆಗೆ ಕೊಟ್ಟ ಅಂಕವನ್ನು ಸಂಜೆ ಸೊಂಟ ನೋಯುವಾಗ ಅಂಥದೇ ಪತ್ರಿಕೆಗೆ ಕೊಟ್ಟಿರುವುದಿಲ್ಲ ಎಂದು ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ಗೊತ್ತು. ಆದರೂ ಅಂದು ಮಹಡಿಯ ಮೇಲೆ, ನನ್ನ ಹಾಗೆಯೇ ಸೊಂಟ ನೋಯುವ ಯಾರೋ ಒಬ್ಬರು ಅಂಟಿಸಿದ ಚೀಟಿಯನ್ನು ನಂಬಿ ಚಾಚಾನನ್ನು ಬಿಟ್ಟುಕೊಟ್ಟಿದ್ದೆ.

ಇಕ್ಕಳ ತಂದು ಚಾಚಾನ ರೂಪಾಯಿಯ ಡಬ್ಬಿ ಒಡೆದೆ. ಪ್ಲಾಸ್ಟಿಕ್ ಚೂರು ಹೆಬ್ಬೆರಳಿಗೆ ಚುಚ್ಚಿತು. ಹಳೆಯ ಚೀಟಿಯನ್ನು ತೆಗೆದಿಟ್ಟು, ನಾಣ್ಯವನ್ನು ಹೊಸದೆಂಬಂತೆ ಅದೇ ಕಂಪನಿಗೆ ಕಳಿಸಿದೆ. ಅರವತ್ತಮೂರು ಬಂತು. ದೋಷ ಏನೂ ಇಲ್ಲ.

ಎರಡೂ ಚೀಟಿಗಳ ಚಿತ್ರ ತೆಗೆದು ನಮ್ಮ ಮೊಬೈಲ್ ಗುಂಪಿಗೆ ಹಾಕಿದೆ. ಒಬ್ಬರಾದರೂ ಚಾಚಾಗೆ ಫೋನ್ ಮಾಡಿ ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ. ತೊಗರಿ ವ್ಯಾಪಾರಿ ಬರೆದರು: "ಎರಡನೇ ಸಲ ಅವರ ಕಣ್ಣು ತಪ್ಪ್ಯದ. ನಸೀಬ್ ಛಲೋ ಅದ, ಲಗೂನ ಮಾರಿಬಿಡ್ರಿ." ಕೆಳಗೆ ನಾಲ್ಕೈದು ಜನ ನಗುವ ಗುರುತು ಹಾಕಿದರು. ಕಂಪನಿಗೆ ಪತ್ರ ಬರೆದೆ. ಗ್ರೇಡ್ ಎಂಬುದು ಆಯಾ ಹೊತ್ತಿನ ಅಭಿಪ್ರಾಯ, ಬದಲಾಗಬಹುದು ಎಂದು ಒಂದೇ ಸಾಲಿನ ಉತ್ತರ ಬಂತು. ಆ ಸಾಲನ್ನು ಡಬ್ಬಿಯ ಮೇಲೆ ಯಾಕೆ ಅಂಟಿಸುವುದಿಲ್ಲ ಎಂದು ಮತ್ತೆ ಬರೆದೆ. ಉತ್ತರ ಬರಲಿಲ್ಲ.

ರಜೆ ಹಾಕಿ ಆಳಂದಕ್ಕೆ ಹೋದೆ. ಅಂಗಡಿಯಲ್ಲಿ ಮೊಬೈಲ್ ಕವರು ಮಾರುವವರು ಬಂದಿದ್ದರು. ಚಾಚಾ ಮನೆಯಲ್ಲಿದ್ದರು. ಕಣ್ಣಿನ ಆಪರೇಷನ್ ಆಗಿಯೂ ದೃಷ್ಟಿ ಸರಿ ಬಂದಿರಲಿಲ್ಲ. ಸೊಸೆ ಕುರ್ಚಿ ಹಾಕಿಕೊಟ್ಟು ಚಹಾ ತರಲು ಒಳಗೆ ಹೋದಳು. ಹೊಸ ಡಬ್ಬಿಯನ್ನು ಅವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಅದರ ಅಂಚನ್ನು ಬೆರಳಿನಿಂದ ಸವರುತ್ತಾ ಕೇಳಿದರು.

"ಅರವತ್ತಮೂರು ಬಂದಿದ್ದಕ್ಕ ಬಂದ್ರಿ?"

"ಹೌದು ಚಾಚಾ."

"ಮತ್ತ ಅದೇ ಕ್ಲೀನ್ಡ್ ಅಂತ ಬಂದಿದ್ರ?"

ನಾನು ಡಬ್ಬಿಯ ಮೇಲಿನ ಅಂಕೆ ನೋಡಿದೆ.

"ಅವತ್ತು ಬಸ್ಸಿನಾಗ ನಾ ಕಂಪನಿಗಿ ಕೇಳಿದ್ದಿಲ್ರಿ ಟೀಚರ್," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗ ಕೇಳಿದ್ದೆ."

ತಪ್ಪಾಯಿತು ಎಂದೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೇರೆ ಮಾತೆಲ್ಲ ಮರೆತುಹೋಗಿತ್ತು. ಅವರು ತಲೆಯಾಡಿಸಿದರು. ಕ್ಷಮಿಸಿದರೋ, ಕೇಳಿಸಿತು ಎಂದರೋ, ತಿಳಿಯಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಜೇವರ್ಗಿಯಲ್ಲಿ ನೀರಿನ ಅನುಕೂಲ ಹೇಗಿದೆ ಎಂದು ಕೇಳಿದರು.

ಆಮೇಲೆಯೂ ಎರಡು ಸಲ ಹೋದೆ. ಹಣ್ಣು ಒಯ್ದೆ, ಕಣ್ಣಿನ ಔಷಧ ಒಯ್ದೆ. ಅವರು ಮಳೆಯ ಬಗ್ಗೆ, ತೊಗರಿಯ ಧಾರಣೆಯ ಬಗ್ಗೆ ಮರ್ಯಾದೆಯಿಂದ ಮಾತಾಡುತ್ತಿದ್ದರು. ನಾಣ್ಯದ ಮಾತು ಒಮ್ಮೆಯೂ ಬರಲಿಲ್ಲ. ಎರಡನೆಯ ಸಲ ಹೊರಟಾಗ ಸೊಸೆ ಬಾಗಿಲತನಕ ಬಂದಳು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಟೀಚರ್, ಸಿಟ್ಟಾಗಬ್ಯಾಡ್ರಿ. ನೀವು ಬಂದು ಹೋದ ಮ್ಯಾಲ ಮಾಮಾ ಎರಡು ದಿನ ಊಟ ಸೈತ ಸರಿ ಮಾಡಂಗಿಲ್ಲ. ಬರಬ್ಯಾಡ್ರಿ ಅನ್ನಾಕ ನನಗ ಬಾಯಿ ಬರವಲ್ದು."

"ಇಲ್ಲವ್ವ, ನೀ ಹೇಳಿದ್ದು ಛಲೋ ಆತು," ಎಂದು ಚಪ್ಪಲಿ ಮೆಟ್ಟಿಕೊಂಡೆ. ಆ ಮೇಲೆ ನಾನು ಆ ಮನೆಗೆ ಹೋಗಿಲ್ಲ.