ಬಾಹ್ಯಾಕಾಶದಿಂದ ಬಂದವಳಿಗೆ ಒಂದು ಚೆಂಬು ನೀರು

ಎರಡು ವರ್ಷದ ಹಿಂದಿನ ಮಾತು. ಜೀವಮಾನವಿಡೀ ಸಿನಿಮಾ ಸಂಕಲನಕಾರನಾಗಿ ದುಡಿದು ನಿವೃತ್ತನಾಗಿದ್ದೆ. ಬೀದರಿನ ನೌಬಾದದಲ್ಲಿ ಒಂದು ಕೋಣೆಯ ಎಡಿಟಿಂಗ್ ಸ್ಟುಡಿಯೊ ಇಟ್ಟುಕೊಂಡಿದ್ದೆ. ಹೆಚ್ಚಾಗಿ ಮದುವೆ ವಿಡಿಯೊಗಳೇ ಬರುತ್ತಿದ್ದವು. ಅಲ್ಲಿಗೆ ಸಂತಪುರದ ಸವಿತಾ ತನ್ನ ಮೊದಲ ಸಿನಿಮಾ ತಂದಳು.

ವೈಜ್ಞಾನಿಕ ಕಥೆ. ಅಕ್ಕ ಮಹಾವೇಗದ ನೌಕೆಯಲ್ಲಿ ದೂರದ ಗ್ರಹಕ್ಕೆ ಹೋಗಿ ಮರಳುತ್ತಾಳೆ. ಅಂಥ ವೇಗದಲ್ಲಿ ಹೋದವರಿಗೆ ಕಾಲ ನಿಧಾನವಾಗುತ್ತದೆ. ಹಾಗಾಗಿ ಅಕ್ಕ ಇನ್ನೂ ಹರೆಯದವಳು, ಊರಲ್ಲಿ ಉಳಿದ ತಂಗಿ ಹಣ್ಣು ಮುದುಕಿ. ಔರಾದ್ ಕಡೆಯ ಬೋಳು ಹೊಲಗಳನ್ನೇ ಗ್ರಾಫಿಕ್ಸ್‌ನಲ್ಲಿ ಬೇರೆ ಗ್ರಹ ಮಾಡಿದ್ದಳು ಹುಡುಗಿ. ನಾನು ಬೆರಗಾದೆ. ಸಂಭಾಷಣೆ ಕೇಳಿದಾಗ ಮಾತ್ರ ತಲೆ ಚಿಟ್ಟು ಹಿಡಿಯಿತು. ಮನೆ ಬಾಗಿಲಲ್ಲಿ ನಿಂತು ಅಕ್ಕ ತಂಗಿಗೆ ಭೌತಶಾಸ್ತ್ರದ ಪಾಠ ಮಾಡುತ್ತಾಳೆ! ಮಾತು ಕತ್ತರಿಸೋಣ ಎಂದೆ.

"ಒಂದ್ ಮಾತು ತಗದ್ರೂ ಮಂದಿಗಿ ತಿಳ್ಯಂಗಿಲ್ರಿ ಸರ್" ಎಂದು ಪಟ್ಟು ಹಿಡಿದಳು. ಬರೆದವಳೂ ಅವಳೇ ನೋಡಿ.

ಭಾಲ್ಕಿಯಲ್ಲಿ ಜನರನ್ನು ಕರೆದು ಪ್ರಯೋಗಕ್ಕೆಂದು ಒಂದು ಪ್ರದರ್ಶನ ಇಟ್ಟೆವು. ಗ್ರಹ ಕಂಡಾಗ ಸಿಳ್ಳೆ ಬಿದ್ದವು. ಬಾಗಿಲ ದೃಶ್ಯದಲ್ಲಿ ಪಾಠ ಶುರುವಾಯಿತು, ಮುಗಿಯಲೇ ಇಲ್ಲ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಬಂದಾಕಿಗಿ ಮೊದಲ ನೀರು ಕೊಡ್ರಪಾ!"

ಹಾಲ್ ತುಂಬ ನಗು. ಅದು ಅಳುವ ದೃಶ್ಯ. ಸವಿತಾ ಎದ್ದು ಹೊರಗೆ ಹೋದಳು. ವಾಪಸು ಬರುವಾಗ ಬಸ್ಸಿನಲ್ಲಿ, "ಇದನ್ನ ಇನ್ನ ಯಾರಿಗೂ ತೋರ್ಸಂಗಿಲ್ರಿ" ಎಂದಳು. ಬೋಳು ಹೊಲದಲ್ಲಿ ಗ್ರಹ ಕಾಣುವ ಕಣ್ಣಿರುವ ಹುಡುಗಿ ಹೀಗೆ ಕೈಚೆಲ್ಲಬಾರದಿತ್ತು.

ಆ ಕೂಗಿದವನನ್ನು ಬೈಯುತ್ತ ಮಲಗಿದ ನನಗೆ ಬೆಳಿಗ್ಗೆ ಅನ್ನಿಸಿತು, ಅವನು ಹೇಳಿದ್ದು ಸರಿಯಲ್ಲವೇ? ನಮ್ಮ ಕಡೆ ಯಾರೇ ಬಂದರೂ ಮೊದಲು ನೀರು, ಆಮೇಲೆ ಮಾತು. ಶೂಟಿಂಗ್‌ನ ಉಳಿಕೆ ತುಣುಕುಗಳನ್ನೆಲ್ಲ ತೆಗೆದೆ. 'ಕಟ್' ಅಂದ ಮೇಲೂ ಕ್ಯಾಮೆರಾ ಓಡುತ್ತಲೇ ಇದ್ದರೆ ಅಂಥವು ಸಿಗುತ್ತವೆ. ಒಂದರಲ್ಲಿ, ತಂಗಿಯ ಪಾತ್ರ ಮಾಡಿದ್ದ ಕಮಲಾಬಾಯಿ ಬಾಹ್ಯಾಕಾಶದ ಉಡುಪಿನಲ್ಲಿ ಬೆವೆತು ನಿಂತ ಅಕ್ಕನ ಪಾತ್ರದ ನಟಿಗೆ ಚೆಂಬು ಕೊಟ್ಟು, ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದರು.

ಸವಿತಾಳನ್ನು ಕರೆಸಿ ತೋರಿಸಿದೆ.

"ಇದು ಸಿನಿಮಾ ಅಲ್ರಿ ಸರ್. ಬಿಸಿಲಿಗಿ ಆಕಿಗಿ ಚಕ್ಕರ್ ಬಂದಿತ್ತು, ಕಮಲಾಬಾಯಿ ನೀರು ಕೊಟ್ರು."

"ಕೊಟ್ಟಾರಲ್ಲವಾ, ಅಷ್ಟ ಸಾಕು."

ಮತ್ತೆ ಮತ್ತೆ ಹಾಕಿಸಿ ನೋಡಿದಳು. ಕೊನೆಗೆ "ತಗೀರಿ ಸರ್, ಎಲ್ಲಾ ತಗೀರಿ" ಎಂದಳು. ಪಾಠ ಪೂರ್ತಿ ಹೋಯಿತು. ಬಾಗಿಲು ತೆರೆದ ಮುದುಕಿ ಹರೆಯದ ಹುಡುಗಿಯನ್ನು "ಅಕ್ಕಾ" ಎನ್ನುವುದೊಂದೇ ಉಳಿಯಿತು. ಆಮೇಲೆ ನೀರು.

ಔರಾದದಲ್ಲಿ ಮತ್ತೆ ತೋರಿಸಿದೆವು. ಆ ದೃಶ್ಯಕ್ಕೆ ಈ ಸಲ ಯಾರೂ ನಗಲಿಲ್ಲ. ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಸವಿತಾಳ ಕೈ ಹಿಡಿದು, "ತಂಗಿ ಮುದುಕಿ ಆಗ್ಯಾಳ, ಅಕ್ಕ ಹಂಗೇ ಅದಾಳ. ಹ್ಯಾಂಗಂತ ನಂಗ ತಿಳೀಲಿಲ್ಲವ್ವ. ಆದ್ರ ಕರಳು ಚುರ್ ಅಂತು" ಎಂದರು.

ನೋಡುವವರನ್ನು ನಂಬಬೇಕು ಎಂದು ನನ್ನ ಕೆಲಸ ಕಲಿಸಿದೆ. ಅದನ್ನು ಹೇಳಿಕೊಡುವುದು ಮಾತ್ರ ಕಷ್ಟ. ಅವತ್ತು ಸವಿತಾ ವಿವರಿಸಲು ಬಾಯಿ ತೆರೆದಳು. ಆ ಹೆಂಗಸಿನ ಒದ್ದೆ ಕಣ್ಣು ನೋಡಿ ಸುಮ್ಮನೆ ಮುಚ್ಚಿಕೊಂಡಳು.