ಒತ್ತದೇ ಉಳಿದ ಹೆಬ್ಬೆಟ್ಟು

"ಏನ್ ಬರ್ದವ್ರೆ, ಒಸಿ ಓದಿ ಹೇಳಿ ಟೀಚರಮ್ಮ" ಎಂದಳು ನಮ್ಮ ಪಕ್ಕದ ಮನೆಯ ಬೀಡಿ ಕಟ್ಟುವ ನೂರ್‌ಜಾನ್. ಕುಣಿಗಲ್ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ, ದೂರಿಗೆ ಒತ್ತಲೆಂದು ಅವಳ ಎಡ ಹೆಬ್ಬೆರಳಿಗೆ ಆಗಲೇ ಮಸಿ ಹಚ್ಚಿದ್ದರು. ಗಂಡ ಸೌದೆಯಿಂದ ಹೊಡೆದು ಮುರಿದ ಬಲಗೈ ಬಟ್ಟೆಯ ಜೋಲಿಯಲ್ಲಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು.

ನಾನು ಗಟ್ಟಿಯಾಗಿ ಓದಿದೆ. ನೀರು ಸೇದುವಾಗ ಕಾಲು ಜಾರಿ ಬಿದ್ದು ಕೈ ಮುರಿದಿದೆ, ಯಾರ ಮೇಲೂ ಅನುಮಾನವಿಲ್ಲ ಎಂದು ಬರೆದಿತ್ತು. ನೂರ್‌ಜಾನ್ ಬೆರಳಿನ ಮಸಿಯನ್ನು ಸೀರೆಗೆ ಒರೆಸಿಕೊಂಡಳು.

"ನಾನ್ ಬಿದ್ದಿಲ್ಲ ಸ್ವಾಮಿ. ನನ್ ಗಂಡ ಹೊಡ್ದವ್ನೆ. ಅದ್ನೇ ಬರೀರಿ."

ದೂರು ಬರೆದಿದ್ದ ದಫೇದಾರ ಹಾಳೆ ಹರಿದು ಹಾಕಿ ನನ್ನ ಕಡೆ ತಿರುಗಿದ. "ಸರ್ಕಾರಿ ಕೆಲ್ಸದಲ್ಲಿ ಇದೀರ. ಗಂಡ ಹೆಂಡ್ತಿ ಜಗಳಕ್ಕೆ ನೀವ್ಯಾಕೆ ಬರ್ತೀರ? ಕರ್ಕೊಂಡ್ ಹೋಗಿ." ನಾನು ಹೆದರಿ ಎದ್ದೆ. ಅವಳು ಮಾತ್ರ ಬಹಳ ಹೊತ್ತು ಬೆಂಚು ಬಿಟ್ಟು ಏಳಲಿಲ್ಲ.

ದೂರು ದಾಖಲಾಗಲಿಲ್ಲ. ಅವಳು ಬೆಳ್ಳಾವಿಯ ತವರಿಗೆ ಹೋದಳು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅವಳು ಹೇಳಿದ್ದನ್ನು ಅಲ್ಲೇ ಕೂತು ನಾನೇ ಬರೆದು ಪೊಲೀಸ್ ಮೇಲಧಿಕಾರಿಗೆ ಕಳಿಸಬಹುದಿತ್ತು. ಪೆನ್ನು ನನ್ನ ಚೀಲದಲ್ಲೇ ಇತ್ತು.